ಹಾಲ್‌ಗೆ 800 ಗ್ರಿಟ್ ಸಾಕು, ಅಡುಗೆಮನೆಗೆ ಬೇಡ

ಮೈಸೂರಿನ ಹೊಸ ಮನೆಗೆ ಪೂರ್ತಿ ಪಾಲಿಶ್ ಕಾಂಕ್ರೀಟ್ ನೆಲ ಮಾಡಿಸಬೇಕು, ಕನ್ನಡಿ ಹೊಳಪು ಬೇಕಾ, ಮ್ಯಾಟ್ ಸಾಕಾ ಅಂತ ಕೇಳಿದ್ದೀರಿ. ವಯಸ್ಸಾದ ಅಪ್ಪ ಅಮ್ಮ ಜೊತೆಗಿರುತ್ತಾರೆ ಅಂತಲೂ ಬರೆದಿದ್ದೀರಿ. ಹಾಗಾದರೆ 800 ಗ್ರಿಟ್‌ಗೆ ನಿಲ್ಲಿಸಿ ಸರ್. ಗ್ರಿಟ್ ಅಂದರೆ ಉಜ್ಜುವ ಪ್ಯಾಡ್ ಎಷ್ಟು ನಯ ಅನ್ನೋ ಅಂಕಿ, ಅದು ಹೆಚ್ಚಿದಷ್ಟೂ ನೆಲದ ಹೊಳಪು ಜಾಸ್ತಿ.

ವಜ್ರದ ಪ್ಯಾಡ್‌ನಲ್ಲಿ 400ರವರೆಗೆ ಉಜ್ಜಿದರೆ ಮ್ಯಾಟ್, 800ಕ್ಕೆ ಹದವಾದ ಹೊಳಪು. 3000ಕ್ಕೆ ಹೋದರೆ ಕಿಟಕಿ ಸರಳುಗಳೇ ನೆಲದಲ್ಲಿ ಕಾಣುತ್ತವೆ. ಚೆಂದವೇನೋ ಹೌದು, ಆದರೆ ದೂಳು, ಒದ್ದೆ ಹೆಜ್ಜೆ ಗುರುತು ಎಲ್ಲಾ ಎದ್ದು ಕಾಣುತ್ತದೆ. ನೀರು ಬಿದ್ದರೆ ನುಣುಪಾದ ನೆಲ ಯಾವುದಾದರೂ ಜಾರುತ್ತದೆ, ಬಚ್ಚಲಿಗಂತೂ ಬೇಡವೇ ಬೇಡ.

ಅಡುಗೆಮನೆ ವಿಷಯ ಬೇರೆ. ನಮ್ಮ ಮನೆಯಲ್ಲಿ ಹೆಚ್ಚಿದ ನಿಂಬೆಹಣ್ಣಿನ ಹೋಳೊಂದು ರಾತ್ರಿಯಿಡೀ ನೆಲದ ಮೇಲೆ ಬಿದ್ದಿತ್ತು. ಬೆಳಿಗ್ಗೆ ನೋಡಿದರೆ ಹೋಳಿನಷ್ಟೇ ಅಗಲದ ಮಬ್ಬು ಬಿಳಿ ಉಂಗುರ. ಬೆರಳಾಡಿಸಿದರೆ ಅಲ್ಲಿ ಮಾತ್ರ ಒರಟು. ಅದು ಕಲೆಯಲ್ಲ. ಹುಳಿ ಸಿಮೆಂಟನ್ನೇ ತಿಂದಿದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಡೆನ್ಸಿಫೈಯರ್ ಅನ್ನೋ ದ್ರಾವಣ ಹಾಕುತ್ತೇವಲ್ಲ ಅಂತ ಕಂಟ್ರಾಕ್ಟರ್ ಹೇಳಬಹುದು. ಅದು ಕಾಂಕ್ರೀಟಿನ ಸುಣ್ಣದ ಜೊತೆ ಸೇರಿ ನೆಲ ಗಟ್ಟಿ ಮಾಡುತ್ತದೆ, ಅಷ್ಟೇ. ಹುಳಿಯಿಂದ ಕಾಪಾಡೋಕೆ ಮೇಲೆ ಸೀಲರ್ ಅನ್ನೋ ಲೇಪನ ಬೇಕು, ಅದೂ ಸವೆದಂತೆ ಮತ್ತೆ ಹಚ್ಚಬೇಕು. ದಿನಾ ಹುಣಸೆಹುಳಿ ಕಿವುಚುವ ಅಡುಗೆಮನೆಗೆ ಬೂದು ಗ್ರಾನೈಟೇ ವಾಸಿ.

ಇನ್ನೊಂದು, ಕಾಂಕ್ರೀಟ್ ಹಾಕಿ 28 ದಿನ ಆಗುವ ಮುಂಚೆ ಪಾಲಿಶ್ ಶುರು ಮಾಡಲು ಬಿಡಬೇಡಿ. ಮೊದಲು ಸ್ಟೋರ್ ರೂಮಿನ ಮೂಲೆಯಲ್ಲಿ 400, 800 ಎರಡನ್ನೂ ಪಕ್ಕಪಕ್ಕ ಮಾಡಿಸಿ. ಸ್ವಲ್ಪ ನೀರು ಚಿಮುಕಿಸಿ, ನೀವೇ ಬರಿಗಾಲಲ್ಲಿ ಹುಷಾರಾಗಿ ನಿಂತು ನೋಡಿ. ಜಾರುವ ಹಾಗಿದ್ದರೆ 400ಕ್ಕೇ ನಿಲ್ಲಿಸಿ.