ಓದುಗರೊಂದಿಗೆ: ಯಾವುದು ಬೇಡ ಎಂದು ಹೇಳುವವಳು

ಪ್ರಶ್ನೆ: ಕಾಲೇಜಿನ ಗ್ಯಾದರಿಂಗಿಗೆ ನಾವು ಆರು ಮಂದಿ ಸೇರಿ ನಗೆ ಸ್ಕಿಟ್ ಮಾಡುತ್ತೇವೆ. ನಾನು ನಟಿಸುವುದಿಲ್ಲ. ಯಾವುದು ಮೊದಲು, ಯಾವುದು ಬೇಡ ಎಂದು ಹೇಳುತ್ತೇನೆ. ‘ನೀ ಏನ್ ಮಾಡ್ತಿ, ಬರೇ ಹೇಳ್ತಿ’ ಅಂತಾರೆ ಉಳಿದವರು. ಇದೂ ಒಂದು ಕೆಲಸವಾ?
– ಓದುಗಿ, ಸೇಡಂ

ಉತ್ತರ: ತಂಗಿ, ಈ ಕೆಲಸಕ್ಕೆ ಇಡೀ ಆಯುಷ್ಯ ಕೊಟ್ಟವರಿದ್ದಾರೆ. ಟೊರಾಂಟೊದ ಲೋರ್ನ್ ಮೈಕಲ್ಸ್ ಮೂವತ್ತರ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ಒಂದು ನಗೆ ಕಾರ್ಯಕ್ರಮ ಶುರು ಮಾಡಿದರು: ‘ಸ್ಯಾಟರ್ಡೇ ನೈಟ್ ಲೈವ್’. ಮೊದಲ ಪ್ರಸಾರ 1975ರ ಅಕ್ಟೋಬರ್ 11ರ ರಾತ್ರಿ. ಅದೇ ವರ್ಷ ನಮ್ಮ ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳಿಗೆ ‘ಸೈಟ್’ ಉಪಗ್ರಹ ಯೋಜನೆಯ ಟಿವಿ ಬಂದಿತ್ತು. ಕೋಳಿ ಬಲೆಯಂಥ ತಂತಿಯ ದೊಡ್ಡ ಬುಟ್ಟಿ ಆಂಟೆನಾದ ಕೆಳಗೆ ಕೂತು ನಾನೂ ನೋಡಿದ್ದೇನೆ. ನಮ್ಮ ಆ ಟಿವಿ ಒಂದೇ ವರ್ಷಕ್ಕೆ ನಿಂತಿತು. ಅವರ ಕಾರ್ಯಕ್ರಮ 2025ಕ್ಕೆ ಐವತ್ತು ತುಂಬಿತು.

ಅವರ ವಾರ ಹೇಗಿರುತ್ತದೆ ಗೊತ್ತಾ? ಮಂಗಳವಾರ ರಾತ್ರಿಯಿಡೀ ಬರಹಗಾರರು ಬರೆಯುತ್ತಾರೆ. ಬುಧವಾರ ಎಲ್ಲರೂ ಮೇಜಿನ ಸುತ್ತ ಕೂತು ಸುಮಾರು ನಲವತ್ತು ಸ್ಕಿಟ್ ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಮೈಕಲ್ಸ್ ಕೋಣೆಯ ಗೋಡೆಗೆ ಒಂದೊಂದರ ಹೆಸರು ಬರೆದ ಚೀಟಿಗಳು ಏರುತ್ತವೆ, ಹೆಚ್ಚಿನವು ಏರುವುದೇ ಇಲ್ಲ. ಶನಿವಾರ ರಾತ್ರಿ ಎಂಟಕ್ಕೆ ನಿಜವಾದ ಪ್ರೇಕ್ಷಕರ ಮುಂದೆ ಪೂರ್ತಿ ರಿಹರ್ಸಲ್. ಅದು ಮುಗಿದ ಮೇಲೂ ಅವರು ಕತ್ತರಿಸುತ್ತಾರೆ, ಮೇಲಿನದನ್ನು ಕೆಳಗೆ ಹಾಕುತ್ತಾರೆ. ಹನ್ನೊಂದೂವರೆಗೆ ನೇರ ಪ್ರಸಾರ. ಗಡಿಯಾರ ಕಾಯುವುದಿಲ್ಲ.

ಎಡವಿದ್ದೂ ಇದೆ. 1980ರಲ್ಲಿ ಬಿಟ್ಟು ಹೋದರು. 1984ರಲ್ಲಿ ಮಾಡಿದ ಇನ್ನೊಂದು ಕಾರ್ಯಕ್ರಮ ಮೂರು ತಿಂಗಳೂ ಬಾಳಲಿಲ್ಲ. ಮರುವರ್ಷ ಮತ್ತೆ ಹಳೆಯ ಜಾಗಕ್ಕೇ ಬಂದರು. 1999ರಲ್ಲಿ ಟೀನಾ ಫೇ ಅಲ್ಲಿಯ ಮೊದಲ ಮಹಿಳಾ ಮುಖ್ಯ ಬರಹಗಾರ್ತಿಯಾದರು. ತೆರೆಯ ಮೇಲೆ ಬಂದದ್ದು ಆಮೇಲೆ. ಇದನ್ನು ನಿನ್ನ ಗೆಳೆಯರಿಗೆ ಹೇಳು.

ಬ್ರಹ್ಮಪುರದ ಗಣೇಶ ಪೆಂಡಾಲಿನಲ್ಲಿ ನಾನು ಹನ್ನೊಂದು ವರ್ಷ ಸ್ಕಿಟ್ ಮಾಡಿಸಿದ್ದೇನೆ. ಒಂದು ವರ್ಷ ಒಬ್ಬ ಹುಡುಗ ಆಳಂದ ಬಸ್ಸಿನ ಕಂಡಕ್ಟರ್ ಮೇಲೆ ಬರೆದುಕೊಂಡು ಬಂದ. ಲೆಕ್ಕದ ನೋಟ್‌ಬುಕ್ಕಿನ ಹಾಳೆ, ಮಡಿಕೆಯಲ್ಲಿ ಜೋಳದ ಹಿಟ್ಟು. ಓದುವಾಗ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಹಿಂದಿನ ರಾತ್ರಿ ಓಣಿಯವರ ಮುಂದೆ ಆಡಿಸಿದಾಗ ನಾಲ್ಕನೇ ನಿಮಿಷಕ್ಕೆ ಹೆಂಗಸರು ತಮ್ಮತಮ್ಮಲ್ಲಿ ಮಾತು ಶುರು ಮಾಡಿದರು. ಒಂಬತ್ತು ನಿಮಿಷದ್ದು ನಾಲ್ಕಕ್ಕೆ ಇಳಿಸಿದೆ. ಹುಡುಗನ ಕಣ್ಣಲ್ಲಿ ನೀರು. ಅವನನ್ನು ಪಕ್ಕಕ್ಕೆ ಕೂಡಿಸಿ, ಒಂದೊಂದು ಸಾಲು ಯಾಕೆ ತೆಗೆದೆ ಎಂದು ಮಧ್ಯರಾತ್ರಿವರೆಗೆ ಹೇಳಿದೆ. ತೆಗೆಯುವ ಹಕ್ಕು ಬರುವುದೇ ಆ ಹೇಳುವ ತಾಳ್ಮೆಯಿಂದ ಎಂದು ನನ್ನ ನಂಬಿಕೆ. ಬರೇ ‘ಬ್ಯಾಡ’ ಅಂದರೆ ಅವರು ನಿನ್ನ ಮಾತು ಕೇಳುವುದಿಲ್ಲ.

ಈ ಸಲ ಹೀಗೆ ಮಾಡು. ಬೇಕಾದದ್ದು ನಾಲ್ಕಾದರೆ ಹತ್ತು ಬರೆಸು. ಹೆಸರುಗಳನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸು. ಗೆಳತಿಯರನ್ನು ಬಿಟ್ಟು, ಪರಿಚಯವಿಲ್ಲದ ಇಪ್ಪತ್ತು ಮಂದಿಯ ಮುಂದೆ ಆಡಿಸು. ನೀನು ಹಿಂದಿನ ಸಾಲಿನಲ್ಲಿ ನಿಂತು ವೇದಿಕೆ ನೋಡಬೇಡ, ಜನರ ಬೆನ್ನು ನೋಡು. ಎಲ್ಲಿ ಅಲುಗಾಡುತ್ತಾರೋ ಅಲ್ಲಿ ಪೆನ್ನಿನಿಂದ ಗುರುತು ಹಾಕು. ಆ ಹಾಳೆಗಳನ್ನು ನನಗೆ ಕಳಿಸು, ಕೂತು ಓದುತ್ತೇನೆ.