ಪೆಟ್ರೋಲ್ ಮರ ಕೊಯ್ಯುವ ಮಿಷನ್‌ಗೆ ಹೊಸ ಚೈನ್ ಹಾಕಿದೆ, ತಿರುಗುತ್ತಲೇ ಇಲ್ಲ. ಏನು ತಪ್ಪಾಗಿರಬಹುದು?

ನಿಮ್ಮದು 58 ಸಿಸಿ ಮಿಷನ್, 18 ಇಂಚಿನ ಬಾರ್ (ಚೈನ್ ಸುತ್ತ ಓಡುವ ಉದ್ದನೆಯ ಅಲಗು). ಅಂಗಡಿಯಿಂದ 18 ಇಂಚಿನ ಚೈನೇ ತಂದಿದ್ದೀರಿ. ನಟ್ ಬಿಗಿ ಮಾಡಿದರೆ ಚೈನ್ ಅಲ್ಲಾಡಲ್ಲ, ಸಡಿಲ ಬಿಟ್ಟರೆ ಜೋತು ಬೀಳುತ್ತದೆ. ಮಳೆ ಹಿಡಿಯುವುದರೊಳಗೆ ಸೌದೆ ಆಗಬೇಕು. ಇಷ್ಟೇ ಅಲ್ವಾ?

ನಾನು ತೀರ್ಥಹಳ್ಳಿ ಕಡೆಯವನು. ಬಚ್ಚಲ ಒಲೆಗೂ ಅಡಿಕೆ ಬೇಯಿಸುವ ಒಲೆಗೂ ಬೇಕಾದ ಸೌದೆಯನ್ನು ನಾನೇ ಕೊಯ್ದುಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ನಿಮ್ಮ ಹಾಗೇ ತಲೆ ಕೆಡಿಸಿಕೊಂಡಿದ್ದೆ.

ಮೊದಲು ಪ್ಲಗ್‌ನ ಕ್ಯಾಪ್ ಎಳೆದಿಡಿ. ಗ್ಲೌಸ್ ಹಾಕಿಕೊಳ್ಳಿ. ಹೊಸ ಚೈನಿನ ಹಲ್ಲು ಬೆರಳು ಸೀಳಿದ ಮೇಲೇ ಗೊತ್ತಾಗುವುದು.

ಆಮೇಲೆ ಬ್ರೇಕ್ ನೋಡಿ. ಮುಂದಿನ ಹಿಡಿಯ ಎದುರಿಗಿರುವ ಪ್ಲಾಸ್ಟಿಕ್ ಗಾರ್ಡ್ ಮುಂದಕ್ಕೆ ಬಿದ್ದಿದ್ದರೆ ಬ್ರೇಕ್ ಹಿಡಿದಿದೆ ಎಂದರ್ಥ. ಹಿಡಿಯ ಕಡೆಗೆ ಎಳೆದರೆ ಟಕ್ ಅಂತ ಬಿಡುತ್ತದೆ. ಕೆಲವು ಮಿಷನ್‌ನಲ್ಲಿ ಬ್ರೇಕಿನ ಪಟ್ಟಿ ಬಾರಿನ ಬುಡ ಮುಚ್ಚುವ ಕವರ್ ಒಳಗೇ ಇರುತ್ತದೆ. ಕವರ್ ಬಿಚ್ಚಿಟ್ಟಾಗ ಗಾರ್ಡ್‌ಗೆ ಕೈ ತಗುಲಿ ಆ ಪಟ್ಟಿ ಬಿಗಿದುಕೊಂಡರೆ ಕವರ್ ವಾಪಸ್ ಕೂರುವುದೇ ಇಲ್ಲ. ಸುತ್ತಿಗೆ ತರಬೇಡಿ, ಬ್ರೇಕ್ ಬಿಡಿಸಿ.

ನಿಮ್ಮ ಮಾತು ಕೇಳಿದರೆ ನನಗೆ ಜಾಸ್ತಿ ಅನುಮಾನ ಟೆನ್ಶನ್ ಪಿನ್ ಮೇಲೆ. ಚೈನ್ ಬಿಗಿ ಮಾಡುವ ಸ್ಕ್ರೂ ತಿರುಗಿಸಿದರೆ ಮೊಳೆ ತಲೆಯಷ್ಟು ಸಣ್ಣ ಪಿನ್ ಒಂದು ಹಿಂದೆ ಮುಂದೆ ಹೋಗುತ್ತದೆ. ಅದು ಬಾರಿನ ಸಣ್ಣ ತೂತಿನೊಳಗೆ ಕೂರಬೇಕು. ಕೂರದೆ ಕವರ್ ಬಿಗಿದರೆ ಬಾರ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಸ್ಕ್ರೂ ಎಷ್ಟು ತಿರುಗಿಸಿದರೂ ಬಾರ್ ಮುಂದಕ್ಕೆ ಬರಲ್ಲ, ಚೈನ್ ಜೋತಾಡುತ್ತಲೇ ಇರುತ್ತದೆ. ಬಾರನ್ನು ಕೈಯಲ್ಲಿ ಹಿಡಿದು ಸ್ಕ್ರೂ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಪಿನ್ ತೂತಿಗೆ ಬಿದ್ದಿದ್ದು ಕೈಗೆ ಗೊತ್ತಾಗುತ್ತದೆ.

ಅಲ್ಲೂ ಸರಿ ಇದ್ದರೆ ಚೈನೇ ಬೇರೆ. 18 ಇಂಚು ಎನ್ನುವುದು ಬಾರಿನ ಅಳತೆ. ಚೈನಿಗೆ ಮೂರು ಅಳತೆ ನೋಡಬೇಕು: ಪಿಚ್ (ರಿವೆಟ್‌ಗಳ ನಡುವಿನ ಸರಾಸರಿ ದೂರ), ಒಳಹಲ್ಲಿನ ದಪ್ಪ, ಒಳಹಲ್ಲು ಎಷ್ಟಿವೆ ಎನ್ನುವುದು. ಒಳಹಲ್ಲು ಎಂದರೆ ಬಾರಿನ ಸಂದಿನೊಳಗೆ ಓಡುವ ಮೊನೆ. 18 ಇಂಚಿನ ಬಾರಿಗೇ ಒಂದು ಮಿಷನ್‌ನಲ್ಲಿ 66, ಇನ್ನೊಂದರಲ್ಲಿ 68, ಮತ್ತೊಂದರಲ್ಲಿ 72 ಇರುತ್ತದೆ. ಬಾರಿನ ಬುಡದಲ್ಲಿ ಸಾಮಾನ್ಯವಾಗಿ ಇವೆಲ್ಲ ಕೆತ್ತಿರುತ್ತವೆ, ಎಣ್ಣೆ ಜಿಡ್ಡು ಒರೆಸಿ ನೋಡಿ.

ನನಗೆ ಅಂಗಡಿಯವರು ಕೊಟ್ಟಿದ್ದು ಬೇರೆ ಪಿಚ್‌ನದು. ಬಾರಿನ ಮೇಲೆ ಚೆನ್ನಾಗೇ ಕೂತಿತು. ಕೈಯಲ್ಲಿ ಎಳೆದರೆ ಮಾತ್ರ ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲಿನ ಚಕ್ರ) ಹತ್ತಿರ ಕಟಕ್ ಅಂತ ಸಿಕ್ಕಿಕೊಳ್ಳುತ್ತಿತ್ತು. ಸ್ಪ್ರಾಕೆಟ್ ಸವೆದಿದೆ ಅಂದುಕೊಂಡು ಹೊಸದು ತರಲು ಹೊರಟಿದ್ದೆ. ಮರ ಕೊಯ್ಯುವ ಕೆಲಸಕ್ಕೆ ಹೋಗುವ ಪಕ್ಕದ ಮನೆಯಣ್ಣ ಬಂದು ಹಳೇದು ಹೊಸದು ಎರಡೂ ಚೈನ್ ಜಗಲಿ ಮೇಲೆ ಜೋಡಿಸಿ ಮಲಗಿಸಿದರು. ಮೊದಲ ರಿವೆಟ್ ಸಮ ಇಟ್ಟರೆ ಹತ್ತನೇ ರಿವೆಟ್ ಹೊತ್ತಿಗೆ ಒಂದು ಬೆರಳಿನಷ್ಟು ವ್ಯತ್ಯಾಸ! ಸ್ಕೇಲ್ ಇದ್ದರೆ ಅಕ್ಕಪಕ್ಕದ ಮೂರು ರಿವೆಟ್ ಅಳೆಯಿರಿ, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ. ಅದರ ಅರ್ಧವೇ ಪಿಚ್. 16.5 ಮಿಲಿಮೀಟರ್ ಬಂದರೆ .325 ಇಂಚಿನ ಪಿಚ್, 19ರ ಹತ್ತಿರ ಬಂದರೆ 3/8 ಇಂಚಿನದು. ದಪ್ಪವೂ ಮುಖ್ಯ. 1.5 ಮಿಲಿಮೀಟರ್ ಸಂದಿನ ಬಾರಿಗೆ 1.6ರ ಚೈನ್ ತುರುಕಿದರೆ ಹಿಡಿದುಕೊಳ್ಳುತ್ತದೆ. 1.3ರದ್ದು ಹಾಕಿದರೆ ಓಡುತ್ತದೆ, ಆದರೆ ವಾಲಾಡುತ್ತಾ ಮರವನ್ನು ಓರೆಯಾಗಿ ಕೊಯ್ಯುತ್ತದೆ.

ಅಳತೆ ಸರಿ ಇದ್ದರೆ ಮತ್ತೆ ಕೂರಿಸಿ. ಬಾರಿನ ಸಂದಿನಲ್ಲೂ ಎಣ್ಣೆ ಬರುವ ತೂತಿನಲ್ಲೂ ಗಟ್ಟಿಯಾದ ಹುಡಿಯನ್ನು ಕೆರೆದು ತೆಗೆಯಿರಿ. ಬಾರನ್ನು ಮೇಲೆ ಕೆಳಗೆ ತಿರುಗಿಸಿ ಹಾಕಿದರೆ ಎರಡೂ ಅಂಚು ಸಮ ಸವೆಯುತ್ತವೆ. ಚೈನ್ ಸ್ಪ್ರಾಕೆಟ್ ಮೇಲೆ ಸರಿಯಾಗಿ ಕೂತಿದೆಯೇ ನೋಡಿ. ಬಾರಿನ ಮೇಲ್ಭಾಗದ ಹಲ್ಲುಗಳ ಚೂಪು ಬಾರಿನ ಮೂತಿಯ (ತುದಿಯ) ಕಡೆಗೆ ಇರಬೇಕು. ಉಲ್ಟಾ ಹಾಕಿದರೆ ಮರ ಕೊಯ್ಯಲ್ಲ, ಬರೀ ಹೊಗೆ ಬರುತ್ತದೆ.

ನಟ್ ಕೈಯಲ್ಲಷ್ಟೇ ತಿರುಗಿಸಿ ಬಿಡಿ. ಬಾರಿನ ಮೂತಿ ಮೇಲಕ್ಕೆತ್ತಿ ಹಿಡಿದು, ಕೆಳಗೆ ಜೋತ ಚೈನ್ ಬಾರಿಗೆ ತಾಗುವವರೆಗೆ ಸ್ಕ್ರೂ ತಿರುಗಿಸಿ. ಮೂತಿ ಬಿಡದೆ ಹಾಗೇ ಪಾನದಲ್ಲಿ ನಟ್ ಬಿಗಿಯಿರಿ. ನಾನು ಕೆಟ್ಟಿದ್ದು ಇಲ್ಲೇ, ಮೂತಿ ಕೆಳಗಿಟ್ಟು ಬಿಗಿ ಮಾಡುತ್ತಿದ್ದೆ. ಎರಡು ತುಂಡು ಕೊಯ್ಯುವಷ್ಟರಲ್ಲಿ ಮತ್ತೆ ಸಡಿಲ. ಸರಿಯಾದ ಬಿಗಿ ಎಂದರೆ, ಚೈನನ್ನು ಬಾರಿನ ನಡುಮಧ್ಯೆ ಹಿಡಿದೆಳೆದು ಬಿಟ್ಟರೆ ಪಟ್ ಅಂತ ವಾಪಸ್ ಕೂರಬೇಕು, ಬ್ರೇಕ್ ಬಿಟ್ಟು ಎಳೆದರೆ ಕೈಯಲ್ಲೇ ಸುತ್ತಬೇಕು.

ಹೊಸ ಚೈನ್ ಮೊದಲ ದಿನ ಹಿಗ್ಗುತ್ತದೆ. ಐದು ನಿಮಿಷ ಹಗುರಾಗಿ ಓಡಿಸಿ, ಆರಲು ಬಿಟ್ಟು ಮತ್ತೆ ಬಿಗಿಯಿರಿ. ಬಿಸಿ ಇದ್ದಾಗ ಬಿಗಿದು ಹಾಗೇ ಬಿಟ್ಟು ಹೋದರೆ ತಣ್ಣಗಾದಾಗ ಕುಗ್ಗಿ ಬಾರನ್ನು ಹಿಂಡುತ್ತದೆ.

ಹಳೇ ಚೈನ್ ಗುಜರಿಗೆ ಹಾಕಿಲ್ಲ ತಾನೆ? ಅದರ ಒಳಹಲ್ಲು ಎಣಿಸಿ, ಹೊಸದರದ್ದೂ ಎಣಿಸಿ, ಎರಡೂ ಲೆಕ್ಕ ಬರೆಯಿರಿ. ಅಂಗಡಿಗೆ ವಾಪಸ್ ಹೋಗಬೇಕೋ ಬೇಡವೋ ಆಗ ಹೇಳುತ್ತೇನೆ.