ಕೆಚ್ಚಲು ಬಾವು, ಸಾವಯವ ಪತ್ರ, ಮಾತು ಬಿಟ್ಟ ಗಂಡ

(ಇಬ್ಬರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಇವರು ಜಗಳೂರು ಕಡೆಯ ರೈತ ದಂಪತಿ. ಮಳೆ ನಂಬಿದ ಭೂಮಿ. ಶೇಂಗಾ, ನವಣೆ, ತೊಗರಿ ಬೆಳೆಯುತ್ತಾರೆ. ಬೋರ್‌ನಲ್ಲಿ ನೀರಿದ್ದ ವರ್ಷ ಸ್ವಲ್ಪ ಈರುಳ್ಳಿಯೂ ಉಂಟು. ಕೊಟ್ಟಿಗೆಯಲ್ಲಿ ಎರಡು ಮಿಶ್ರ ತಳಿ ಹಸು, ಒಂದು ನಾಟಿ ಹಸು. ಮಗ ಬೆಂಗಳೂರು ಸೇರಿದ್ದಾನೆ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಗಂಡ ಊರಿನ ಸಾವಯವ ಗುಂಪಿನ ಮುಂದಾಳು. ಹೊಲಕ್ಕೆ ಸಾವಯವ ದೃಢೀಕರಣ ಪತ್ರ ಉಂಟು.

ದಾವಣಗೆರೆಯಲ್ಲಿ ಆಪ್ತಸಲಹೆ ಮಾಡುವ ನನ್ನ ಬಳಿ ಮೊದಲು ಬಂದವರು ಹೆಂಡತಿ ಒಬ್ಬರೇ. ಕೂತ ಮೇಲೆ ಕೇಳಿದ ಮೊದಲ ಮಾತೇ ಇದು: "ಮೇಡಂ, ಆಕಳಿಗೆ ಇಂಜೆಕ್ಷನ್ ಹಾಕ್ಸಿದ್ದು ನಂದು ತಪ್ಪಾ?"

ನಡೆದದ್ದು ಹೀಗೆ. ಕರು ಹಾಕಿ ಹೆಚ್ಚು ದಿನ ಆಗಿರದ ಹಸುವಿಗೆ ಕೆಚ್ಚಲು ಬಾವು ಬಂತು. ಹಿಂಡುವವರು ಇವರೇ, ಹಾಗಾಗಿ ಮೊದಲು ಗೊತ್ತಾದದ್ದೂ ಇವರಿಗೇ. ಹಿಂದಿನ ಬಲ ಮೊಲೆ ಮುಟ್ಟಿದರೆ ಬಿಸಿ. ಹಸು ಕಾಲು ಎತ್ತಿ ಒದೆಯಿತು. ಅಂಗೈಗೆ ಹಿಂಡಿ ನೋಡಿದರೆ ಹಾಲು ತೆಳ್ಳಗೆ, ಅದರಲ್ಲಿ ಚೂರು ಚೂರು ಬಿಳಿ ಗರಣೆ. ಗಂಡ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚಿದರು. ಇದು ಸುಮ್ನೆ ಯಾರೋ ಹೇಳಿದ ಮದ್ದಲ್ಲ. 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಅನ್ನುವ ಈ ಅಳತೆಯನ್ನು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯೇ ರೈತರಿಗೆ ಹೇಳಿಕೊಡುತ್ತದೆ. ದಿನಕ್ಕೆ ಎಂಟು ಹತ್ತು ಸಲ ಹಚ್ಚಬೇಕು, ಪ್ರತಿ ಸಲ ಮೊದಲು ಆ ಮೊಲೆ ಪೂರ್ತಿ ಹಿಂಡಿ ತೊಳೆಯಬೇಕು. ಬಾವು ಶುರುವಿನಲ್ಲೇ ಇದ್ದರೆ ಎಷ್ಟೋ ಕಡೆ ಇದು ಹಿಡಿಯುತ್ತದೆ.

ಇಲ್ಲಿ ಹಿಡಿಯಲಿಲ್ಲ. ನಾಲ್ಕನೇ ದಿನ ಹಸು ಮೇವು ಬಿಟ್ಟಿತು. ಮೆಲುಕು ನಿಂತಿತು, ಕಿವಿ ಜೋತುಬಿತ್ತು. ಡಾಕ್ಟರನ್ನು ಕರೆಸೋಣ ಅಂದರೆ ಗಂಡ ಒಪ್ಪಲಿಲ್ಲ. "ಇಂಜೆಕ್ಷನ್ ಬಿದ್ರೆ ಸಾವಯವ ಹೋಯ್ತು. ಮೂರು ವರ್ಷದ ಕಷ್ಟ ನೀರಲ್ಲಿ ಹೋಮ ಮಾಡ್ತೀಯಾ?" ಅಂದರು. ಮರುದಿನ ಅವರು ಮಾರ್ಕೆಟ್ಟಿಗೆ ಹೋದಾಗ ಈಕೆ ದನಗಳ ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿದರು. ಪಶು ಸಂಜೀವಿನಿ ಗಾಡಿ ಬಂತು. ಡಾಕ್ಟರು ಆಂಟಿಬಯಾಟಿಕ್, ಜ್ವರದ ಇಂಜೆಕ್ಷನ್ ಕೊಟ್ಟರು. ಚೀಟಿ ಬರೆದು, ಇಷ್ಟು ದಿನ ಹಾಲು ಡೈರಿಗೆ ಹಾಕಬೇಡಿ ಅಂದರು. ಹಸು ಉಳಿಯಿತು. ಆ ಒಂದು ಮೊಲೆ ಮಾತ್ರ ಬತ್ತಿಹೋಯಿತು.

ಸಂಜೆ ಗಂಡನಿಗೆ ಗೊತ್ತಾಯಿತು. ಬೈಯಲೂ ಇಲ್ಲ, ಮಾತೇ ಬಿಟ್ಟರು. ರಾತ್ರಿ ಹೊಲದ ಶೆಡ್ಡಿನಲ್ಲಿ ಮಲಗಲು ಶುರು ಮಾಡಿದರು. ಇತ್ತ ಹಿಂಡಿದ ಹಾಲನ್ನು ಸೊಸೆ ದಿನಾ ಗುಂಡಿಗೆ ಚೆಲ್ಲುವುದನ್ನು ಅತ್ತೆ ನೋಡಿದರು. "ಮನೆ ಲಕ್ಷ್ಮಿನ ಮಣ್ಣಿಗೆ ಹಾಕ್ತಾಳೆ" ಅಂತ ಬೀದಿಗೆಲ್ಲ ಕೇಳುವ ಹಾಗೆ ಅಂದರು.

ನಾನು ದನದ ಡಾಕ್ಟರಲ್ಲ, ಸಾವಯವ ಇನ್‌ಸ್ಪೆಕ್ಟರೂ ಅಲ್ಲ. ಆದರೂ ಆಕೆಯ ಪ್ರಶ್ನೆಗೆ ಸುತ್ತಿ ಬಳಸಿ ಉತ್ತರ ಕೊಡುವ ಅಗತ್ಯ ಕಾಣಲಿಲ್ಲ. ಚಿಕಿತ್ಸೆ ಕೊಡಿಸಿದ್ದು ತಪ್ಪಲ್ಲ ಅಂದೆ. ಕದ್ದು ಕರೆಸಬೇಕಾಗಿ ಬಂತಲ್ಲ, ಅದರ ಬಗ್ಗೆ ಮಾತಾಡಬೇಕು, ಅದಕ್ಕೆ ನಿಮ್ಮ ಗಂಡನೂ ಬರಬೇಕು ಅಂದೆ. ಬರುವಾಗ ಸಾವಯವದ ಫೈಲ್ ತನ್ನಿ ಅಂತಲೂ ಹೇಳಿ ಕಳಿಸಿದೆ. ಬರೀ ಆಪ್ತಸಲಹೆಗೆ ಅಂತ ಕರೆದಿದ್ದರೆ ಅವರು ಬರುತ್ತಿದ್ದರೋ ಇಲ್ಲವೋ. ಫೈಲ್ ಅಂದದ್ದಕ್ಕೆ ಬಂದರು.

ಬಟ್ಟೆ ಚೀಲದಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ಪಹಣಿ, ಹೊಲದ ನಕ್ಷೆ, ಗುಂಪಿನ ಸಭೆಯ ನಡಾವಳಿ, ಅವರೇ ಸಹಿ ಹಾಕಿದ ಪ್ರತಿಜ್ಞೆ. ಇವರದ್ದು ಪಿಜಿಎಸ್ ಪದ್ಧತಿ. 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪರಂಪರಾಗತ ಕೃಷಿ ವಿಕಾಸ ಯೋಜನೆಯ ಜೊತೆ ಹಳ್ಳಿ ಹಳ್ಳಿಗೆ ಬಂದದ್ದು ಇದೇ. ಕನಿಷ್ಠ ಐದು ರೈತರು ಗುಂಪಾಗಿ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ದೃಢಪಡಿಸುತ್ತಾರೆ. ಹೊರಗಿನ ಏಜೆನ್ಸಿ ಬಂದು ತಪಾಸಣೆ ಮಾಡುವ ಪದ್ಧತಿ ಬೇರೆ ಇದೆ. ಅದು 2001ರಿಂದ ಇರುವ ಎನ್‌ಪಿಒಪಿ, ರಫ್ತು ಮಾಡುವವರಿಗೆ ಬೇಕಾದದ್ದು. ಪಿಜಿಎಸ್‌ನಲ್ಲಿ ಖರ್ಚು ಕಮ್ಮಿ. ಆದರೆ ನೋಡುವ ಕಣ್ಣುಗಳೆಲ್ಲ ಅಕ್ಕಪಕ್ಕದವರದ್ದೇ. ಒಬ್ಬರು ತಪ್ಪಿದರೆ ಗುಂಪಿಗೇ ಪೆಟ್ಟು ಬೀಳಬಹುದು. ಹಾಗಾಗಿ ಇವರ ಭಯ ಸುಳ್ಳು ಭಯ ಅಂತ ನಾನು ಹೇಳಲಾರೆ. ಎಲ್ಲರ ಮುಂದೆ ನಿಂತು ಪ್ರತಿಜ್ಞೆ ಓದಿದವರು, ಬೇರೆಯವರ ಹೊಲದಲ್ಲಿ ಯೂರಿಯಾ ಚೀಲ ಕಂಡಾಗ ಗದರಿದವರು ಇವರೇ.

ಸಾವಯವ ದೃಢೀಕರಣ ಪತ್ರದಲ್ಲಿ ಏನೇನು ಸೇರಿದೆ ಅಂತ ಅವರ ಕೈಯಲ್ಲೇ ಓದಿಸಿದೆ. ಸರ್ವೆ ನಂಬರು, ಎಕರೆ, ಬೆಳೆ. ಅಷ್ಟೇ. ಹಸು ಇಲ್ಲ, ಹಾಲೂ ಇಲ್ಲ. ಇನ್ನೊಮ್ಮೆ ಓದಿದರು. "ಹಾಲು ಎಲ್ಲಿಗೆ ಹೋಗುತ್ತೆ?" ಅಂದೆ. "ಊರ ಡೈರಿಗೆ." "ಅಲ್ಲಿ ಸಾವಯವ ಅಂತ ಬೇರೆ ರೇಟು ಇದೆಯಾ?" ಇಲ್ಲ ಅಂತ ತಲೆ ಆಡಿಸಿದರು. ಯಾವ ಹಾಲಿನ ಸಾವಯವ ಹೋಯಿತು ಅಂತ ಮನೆ ಬಿಟ್ಟು ಮಲಗಿದರೋ, ಆ ಹಾಲು ಸಾವಯವದ ಲೆಕ್ಕಕ್ಕೆ ಬಂದೇ ಇರಲಿಲ್ಲ.

ಇಂಜೆಕ್ಷನ್ ಬಿದ್ದರೆ ಮುಗಿಯಿತು ಅನ್ನುವ ಮಾತು ಅವರಿಗೆ ಸಿಕ್ಕಿದ್ದು ಮೊಬೈಲಿನ ಯಾವುದೋ ವಿಡಿಯೋದಿಂದ. ಅಮೆರಿಕದ ನಿಯಮ ಹಾಗೇ ಇದೆ. ಅಲ್ಲಿ ಆಂಟಿಬಯಾಟಿಕ್ ಪಡೆದ ಹಸುವಿನ ಹಾಲನ್ನು ಮುಂದೆ ಸಾವಯವ ಅಂತ ಮಾರುವ ಹಾಗಿಲ್ಲ. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ಸಾವಯವ ಗುರುತು ಉಳಿಸಿಕೊಳ್ಳಲು ಕಾಯಿಲೆ ಬಿದ್ದ ಪ್ರಾಣಿಗೆ ಚಿಕಿತ್ಸೆ ತಪ್ಪಿಸಬಾರದು. ವಿಡಿಯೋದವರು ಅದನ್ನು ಹೇಳಿರಲಿಲ್ಲ. ಯುರೋಪಿನಲ್ಲಿ ಲಸಿಕೆ, ಜಂತಿನ ಮದ್ದು ಬಿಟ್ಟು ಇಂಥ ಚಿಕಿತ್ಸೆ ವರ್ಷಕ್ಕೆ ಮೂರರವರೆಗೆ ನಡೆಯುತ್ತದೆ. ನಮ್ಮ ಎನ್‌ಪಿಒಪಿ ಮಾನದಂಡದಲ್ಲೂ ಮೊದಲು ನೋಡಬೇಕಾದದ್ದು ಪ್ರಾಣಿಯ ಕ್ಷೇಮ. ಬೇರೆ ದಾರಿ ಇಲ್ಲದಾಗ ಇಂಗ್ಲಿಷ್ ಮದ್ದು ಕೊಡಬಹುದು. ಹಾಲು ಬಿಡಬೇಕಾದ ದಿನಗಳನ್ನು ಮಾತ್ರ ಕನಿಷ್ಠ ದುಪ್ಪಟ್ಟು ಮಾಡಬೇಕು. ಕಾಯಿಲೆ ಇಲ್ಲದಾಗ ಸುಮ್ನೆ ಮುನ್ನೆಚ್ಚರಿಕೆ ಅಂತ ಆಂಟಿಬಯಾಟಿಕ್ ಕೊಡುವುದಕ್ಕೆ ಸಾವಯವದಲ್ಲಿ ಜಾಗವಿಲ್ಲ, ಅದು ಸರಿಯಾಗಿಯೇ ಇದೆ. ನಾನು ಕಂಡ ಹಾಗೆ ಸಾವಯವದ ಭಾಷಣ ಮಾಡುವ ಕೆಲವರು ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಕೇಳುವ ರೈತ ಮನೆಗೆ ಬಂದು ಹೆಂಡತಿ ಜೊತೆ ಜಗಳ ಆಡುತ್ತಾನೆ.

ಕಾಗದದ ವಿಷಯ ಇಷ್ಟಕ್ಕೆ ಮುಗಿಯಿತು. ಅವರ ಮುಖ ಮಾತ್ರ ಸಡಿಲ ಆಗಲಿಲ್ಲ. ಪತ್ರಕ್ಕೆ ಏನೂ ಆಗಿಲ್ಲ ಅಂತ ಗೊತ್ತಾದ ಮೇಲೂ ಸಿಟ್ಟು ಇಳಿಯದಿದ್ದರೆ ಆ ಸಿಟ್ಟು ಪತ್ರದ್ದಲ್ಲ, ಅಲ್ವಾ? ಹಸು ಈಗ ಹೇಗಿದೆ ಅಂತ ಕೇಳಿದೆ. ಬಹಳ ಹೊತ್ತಿನ ಮೇಲೆ ಅಂದರು: "ಮೂರು ಮೊಲೆ ಮೇಡಂ ಈಗ. ನಾಲ್ಕು ದಿನ ಕಾಯ್ಸಿದ್ದು ನಾನು." ಹೆಂಡತಿ ಅಲ್ಲೇ ಕೂತಿದ್ದರು. ಅವರು ಇದನ್ನು ಗಂಡನ ಬಾಯಲ್ಲಿ ಕೇಳಿದ್ದು ಅದೇ ಮೊದಲು. "ಒಂದು ಮಾತು ಹೇಳಿದ್ರೆ ನಾನೇನು ಕಡಿದು ಹಾಕ್ತಿದ್ನಾ?" ಅಂತ ಗಂಡ. "ಎರಡು ದಿನ ಹೇಳಿದ್ನಲ್ರಿ, ಕೇಳಿದ್ರಾ?" ಅಂತ ಹೆಂಡತಿ. ಜಗಳವೇ ಸರಿ, ಆದರೆ ಮಾತು ಬಿಟ್ಟಿದ್ದಕ್ಕಿಂತ ಎಷ್ಟೋ ವಾಸಿ. ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಆಮೇಲೆ ಮೂವರೂ ಸೇರಿ ಕೆಲವು ವಿಷಯ ಗೊತ್ತುಮಾಡಿಕೊಂಡೆವು. ಎಲ್ಲಕ್ಕಿಂತ ಮುಖ್ಯವಾದದ್ದು, ಡಾಕ್ಟರನ್ನು ಯಾವಾಗ ಕರೆಯಬೇಕು ಅನ್ನುವುದನ್ನು ಹಸು ಆರೋಗ್ಯವಾಗಿರುವಾಗಲೇ ಬರೆದಿಡುವುದು. ಕಾಯಿಲೆ ಬಂದ ದಿನ ಕೂತು ಯೋಚನೆ ಮಾಡಿದರೆ ಭಯ, ಹಟ, ದುಡ್ಡು ಎಲ್ಲ ಅಡ್ಡ ಬರುತ್ತವೆ. ಡಾಕ್ಟರನ್ನೇ ಕೇಳಿ ಬರೆದುಕೊಂಡರು: ಕೆಚ್ಚಲು ಊದಿ ಮೈ ಬಿಸಿಯಾದರೆ, ಮೇವು ಅಥವಾ ಮೆಲುಕು ಬಿಟ್ಟರೆ, ಹಾಲಿನಲ್ಲಿ ರಕ್ತ ಕಂಡರೆ ಅಥವಾ ಹಾಲು ಬರೀ ನೀರಾದರೆ ಅವತ್ತೇ ಫೋನ್. ಇದ್ಯಾವುದೂ ಇಲ್ಲದೆ ಬರೀ ಗರಣೆ ಕಂಡರೆ ಲೋಳೆಸರದ ಮದ್ದು ಒಂದು ದಿನ ನೋಡುವುದು, ಮರುದಿನ ಕಮ್ಮಿಯಾಗದಿದ್ದರೆ ಫೋನ್. ಫೋನ್ ಮಾಡುವ ಹಕ್ಕು ಹಿಂಡುವವರದ್ದು, ಯಾರ ಅಪ್ಪಣೆಯೂ ಬೇಡ. ಈ ಕೊನೆಯ ಸಾಲಿಗೆ ಗಂಡ ತಕ್ಷಣ ಒಪ್ಪಲಿಲ್ಲ. "ಹೇಳಿ ಮಾಡ್ಲಿ" ಅಂತ ಸೇರಿಸಿದ ಮೇಲೆ ಒಪ್ಪಿದರು. ಹೆಂಡತಿಯೂ ಅದು ಸರಿ ಅಂದರು.

ಹಸುವಿಗೊಂದು ನೋಟ್‌ಬುಕ್ ಇಡಲು ಹೇಳಿದೆ. ಯಾವ ದಿನ ಏನು ಕಂಡಿತು, ಯಾವ ಮದ್ದು, ಯಾರು ಕೊಟ್ಟರು, ಯಾವತ್ತಿನವರೆಗೆ ಹಾಲು ಬಿಟ್ಟದ್ದು. ಡಾಕ್ಟರ ಚೀಟಿಯನ್ನು ಅದೇ ಪುಟಕ್ಕೆ ಅಂಟಿಸುವುದು. ಮೆಡಿಕಲ್ ಶಾಪಿನಿಂದ ತಾವೇ ಇಂಜೆಕ್ಷನ್ ತಂದು ಹಾಕಬಾರದು. ಹಸು ಎದ್ದು ಮೇಯ್ದ ಕೂಡಲೇ ಕೋರ್ಸ್ ಅರ್ಧಕ್ಕೆ ಬಿಡಬಾರದು. ಕಾಲುಬಾಯಿ ಜ್ವರದ ಲಸಿಕೆಗೆ ಸರ್ಕಾರದವರು ವರ್ಷಕ್ಕೆ ಎರಡು ಸಲ ಬಂದಾಗ ಬಾಗಿಲು ಹಾಕಿಕೊಳ್ಳಬಾರದು. ಸಾವಯವಕ್ಕೆ ಲಸಿಕೆ ವಿರೋಧ ಅಲ್ಲ. ಮದ್ದು ಕೊಟ್ಟ ದಿನಗಳ ಸಗಣಿ, ಗಂಜಲವನ್ನು ಜೀವಾಮೃತಕ್ಕೆ (ಹೊಲಕ್ಕೆ ಹಾಕುವ ದ್ರವಗೊಬ್ಬರ) ಬಳಸದೆ ಬೇರೆ ಗುಂಡಿಯಲ್ಲಿ ಪೂರ್ತಿ ಕೊಳೆಯಲು ಬಿಡಿ, ಆಮೇಲೆ ಏನು ಮಾಡಬೇಕೆಂದು ಗುಂಪು ತೀರ್ಮಾನಿಸಲಿ ಅಂದೆ. ಮುಂದೆ ಹಾಲನ್ನೂ ಸಾವಯವ ಅಂತ ಮಾರುವ ಆಸೆ ಇದ್ದರೆ ಈ ಪುಸ್ತಕ ಹೇಗೂ ಬೇಕಾಗುತ್ತದೆ. ಆದರೆ ಮೂರು ಹಸುವಿನ ಹಾಲಿಗೆ ಅಷ್ಟು ಓಡಾಟ ಈಗ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕೊಳ್ಳುವವರು ಸಿಕ್ಕ ಮೇಲೆ ನೋಡಬಹುದು.

ಅತ್ತೆಯ ವಿಷಯಕ್ಕೆ ನಿಯಮ, ಕಾನೂನು ಹೇಳಿ ಉಪಯೋಗ ಇರಲಿಲ್ಲ. ಆಂಟಿಬಯಾಟಿಕ್ ಇರುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗುವುದಿಲ್ಲ, ಹೆಪ್ಪಿನಲ್ಲಿರುವ ಜೀವಾಣುವನ್ನೂ ಮದ್ದು ಕೊಲ್ಲುತ್ತದೆ. ಅದನ್ನೇ ಹೇಳಿ, ಅದೂ ಅವರ ಮಗನೇ, ಅಂದರೆ ಗಂಡನೇ, ಹೇಳಲಿ ಅಂದೆ. ಹಸು ಸಾವಯವದ್ದಾಗಿರಲಿ ಬಿಡಲಿ, ಆ ದಿನಗಳ ಹಾಲು ಡೈರಿಗೂ ಬೇಡ, ಮನೆಗೂ ಬೇಡ, ಕರುವಿಗೂ ಬೇಡ. ಗುಂಡಿಗೆ ಚೆಲ್ಲಿದ್ದೇ ಸರಿ. ಕೊಟ್ಟಿಗೆಯ ನೆಲಕ್ಕೆ ಹಿಂಡಿದ್ದರೆ ಸೋಂಕು ಪಕ್ಕದ ಹಸುವಿಗೂ ದಾಟುತ್ತಿತ್ತು.

ಗುಂಪಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟದ ಕೆಲಸ ಆಗಿತ್ತು. ಯಾರೋ ಎತ್ತಿ ಆಡುವ ಮೊದಲು ನೀವೇ ಚೀಟಿ ಹಿಡಿದು ಹೇಳಿ, ಹೆಂಡತಿ ಮಾಡಿದಳು ಅನ್ನಬೇಡಿ, ನಾವು ಮಾಡಿದ್ವಿ ಅನ್ನಿ ಅಂದೆ. ಅದಕ್ಕೆ ಅವರು ಏನೂ ಅನ್ನಲಿಲ್ಲ. ನಿದ್ದೆ ಹೀಗೇ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ರಾತ್ರಿಯೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ ಅಂತ ನಂಬರು ಬರೆದುಕೊಟ್ಟೆ.

ಸಭೆಯಲ್ಲಿ ಹೇಳಿದರಂತೆ. ಒಬ್ಬರು ಕೂಗಾಡಿದರು. ಇನ್ನಿಬ್ಬರು, ನಾವೂ ಹೋದ ವರ್ಷ ಹಾಕ್ಸಿದ್ವಿ, ಹೇಳೋಕೆ ಹೆದರಿದ್ವಿ ಅಂದರು. ಸಗಣಿ ಗೊಬ್ಬರದ ವಿಷಯ ಏನು ಮಾಡಬೇಕು ಅಂತ ಪಿಜಿಎಸ್ ಗುಂಪುಗಳನ್ನು ನೋಡಿಕೊಳ್ಳುವ ಪ್ರಾದೇಶಿಕ ಪರಿಷತ್ತಿಗೆ ಬರೆದು ಕೇಳೋಣ ಅಂತ ತೀರ್ಮಾನವಾಯಿತು. ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಆ ಗುಂಡಿ ಮುಟ್ಟುವುದಿಲ್ಲ ಅಂದಿದ್ದಾರೆ. ಗಂಡ ಈಗ ಮನೆಯಲ್ಲೇ ಮಲಗುತ್ತಾರೆ. ಕಳೆದ ಸಲ ಹೆಂಡತಿ ಫೋನ್ ಮಾಡಿ, ಹಸುಗಳಿಗೆ ಉಣ್ಣೆ ಹುಳ ಜಾಸ್ತಿ ಆಗಿದೆ, ಬೇವಿನೆಣ್ಣೆ ಸಾಕಾಗುತ್ತಾ ಅಂತ ಕೇಳಿದರು. ಅದನ್ನು ದನದ ಡಾಕ್ಟರನ್ನೇ ಕೇಳಿ, ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ ಅಂದೆ.